ಗುಬ್ಬಿಯ ಒತ್ತು, ಕುಣಿಗಲ್‌ನ ಣ: ಬ್ಯಾನರ್ ಅಕ್ಷರದ ಲೆಕ್ಕ

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಕಾಲೇಜಿನ ಗೇಟಿಗೆ ಒಂದು ಬ್ಯಾನರ್ ಕಟ್ಟಿದ್ವಿ. ಅಗಲ 10 ಅಡಿ, ಎತ್ತರ 3 ಅಡಿ. ತುಮಕೂರು, ಗುಬ್ಬಿ, ಕುಣಿಗಲ್, ಮೂರೂ ಕಡೆಯ ತಂಡಗಳ ಹೆಸರು ಒಂದರ ಕೆಳಗೊಂದು ಬರಬೇಕಿತ್ತು. ಒಂದು ದಪ್ಪ ಫಾಂಟ್ ಹಾಕಿದ್ವಿ, ಸಾಲು ಹಿಡಿಸಲಿಲ್ಲ. ಬಾಕ್ಸಿನ ಅಂಚು ಹಿಡಿದು ಶೇಕಡ 70ಕ್ಕೆ ಒತ್ತಿದ್ವಿ, ಹಿಡಿಸಿತು. ಕೆಲಸ ಮುಗೀತು ಅಂದುಕೊಂಡ್ವಿ.

ನಾಟಕ ಆಡಲು ಗುಬ್ಬಿಯಿಂದ ಬಂದಿದ್ದ ಹಿರಿಯ ಕಲಾವಿದರೊಬ್ಬರು ರಸ್ತೆಯ ಆಚೆ ನಿಂತು ನೋಡಿ, “ನಮ್ಮೂರ್ ಹೆಸ್ರು ಎಲ್ಲೈತಪ್ಪಾ?” ಅಂದ್ರು. ಹೆಸರು ಅಲ್ಲೇ ಇತ್ತು, ಓದಲು ಆಗುತ್ತಿರಲಿಲ್ಲ ಅಷ್ಟೆ. ಕರೆದ ಅತಿಥಿಗೆ ತಮ್ಮ ಊರಿನ ಹೆಸರೇ ಕಾಣದಂತೆ ಬರೆದಿದ್ದೆವು. ತಪ್ಪು ಎಲ್ಲಾಯ್ತು ಅಂತ ಆಮೇಲೆ ಕೂತು ಲೆಕ್ಕ ಹಾಕಿದ್ವಿ. ಅದೇ ಈ ಲೇಖನ.

ಇಂಗ್ಲಿಷ್‌ನಲ್ಲಿ ಇಂಥ ಕೆಲಸಕ್ಕೆಂದೇ ‘ಬೋಲ್ಡ್ ಕಂಡೆನ್ಸ್ಡ್ ಸೆರಿಫ್’ ಅನ್ನುವ ಅಕ್ಷರ ಜಾತಿ ಇದೆ. ಗೆರೆ ದಪ್ಪ, ಅಗಲ ಕಮ್ಮಿ, ಗೆರೆಯ ತುದಿಯಲ್ಲಿ ಪುಟ್ಟ ಅಡ್ಡಪಟ್ಟಿ. 19ನೇ ಶತಮಾನದ ಜಾಹೀರಾತು ಮತ್ತು ನಾಟಕದ ಭಿತ್ತಿಪತ್ರಗಳಲ್ಲಿ ಇದು ಬೆಳೆಯಿತು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಚ್ಚುಗಳನ್ನು ಯಂತ್ರದಲ್ಲಿ ಕೊರೆಯುವ ದಾರಿ ಕಂಡುಕೊಂಡ ಮೇಲೆ ದೊಡ್ಡ ಅಕ್ಷರಗಳು ಅಗ್ಗವಾದವು. ಕಾಗದದ ಅಗಲ ಇಷ್ಟೇ, ಹೆಸರು ಉದ್ದ, ದೂರದಿಂದ ಕಾಣಬೇಕು. ನಮ್ಮ ಸಮಸ್ಯೆಯೂ ಇದೇ ತಾನೆ? 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಶುರುವಾಗಿ, ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಊರೂರು ಸುತ್ತಿತು. ಹಾಗೆ ಸುತ್ತುವ ಯಾವ ಕಂಪನಿಗಾದರೂ ಊರಿನವರು ದೂರದಿಂದಲೇ ಓದುವಂಥ ಅಕ್ಷರ ಬೇಕೇ ಬೇಕು.

ಇಂಗ್ಲಿಷ್ ದೊಡ್ಡಕ್ಷರಗಳನ್ನು ಕಿರಿದು ಮಾಡುವುದು ಸುಲಭ. ಎಚ್, ಐ, ಎನ್ ಎಲ್ಲ ಕಂಬದ ಹಾಗೆ ನೆಟ್ಟಗೆ ನಿಲ್ಲುತ್ತವೆ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ಕನ್ನಡದ್ದು ದುಂಡು ಮೈ. ಸೆರಿಫ್ ಅನ್ನುವುದೂ ನಮ್ಮಲ್ಲಿ ಇಲ್ಲ. ತಲೆಕಟ್ಟು, ಮತ್ತೆ ಒಂದೆಡೆ ದಪ್ಪ ಒಂದೆಡೆ ತೆಳುವಾಗುವ ಗೆರೆ, ಇವೇ ಅಕ್ಷರಕ್ಕೆ ಆ ಗತ್ತು ಕೊಡುತ್ತವೆ. ತೊಂದರೆ ಎಲ್ಲೆಲ್ಲಿ ಬರುತ್ತೆ ಅಂತ ನಮ್ಮ ಮೂರು ಊರುಗಳೇ ಹೇಳಿಬಿಡುತ್ತವೆ.

ಮೊದಲು ತುಮಕೂರು. 2014ರ ನವೆಂಬರ್ 1ರಂದು ಇಂಗ್ಲಿಷ್ ಹೆಸರು ‘ತುಮಕೂರು’ ಆದಾಗ ಅಲ್ಲಿ 6 ಅಕ್ಷರ ಇದ್ದದ್ದು 8 ಆಯಿತು, ಇಂಗ್ಲಿಷ್ ಬೋರ್ಡು ಉದ್ದವಾಯಿತು. ಕನ್ನಡದಲ್ಲಿ ಮೊದಲೂ ನಾಲ್ಕೇ, ಈಗಲೂ ನಾಲ್ಕೇ. ಆದರೆ ತು, ಕೂ, ರು ಮೂರಕ್ಕೂ ಕೊಂಬು ಬಲಗಡೆ ಚಾಚಿಕೊಳ್ಳುತ್ತದೆ, ‘ಮ’ ಮೊದಲೇ ಅಗಲ. ಇಲ್ಲಿ ಕಮ್ಮಿ ಮಾಡಬೇಕಾದದ್ದು ಕೊಂಬಿನ ಚಾಚು.

ಎರಡನೆಯದು ಗುಬ್ಬಿ. ಅಗಲ ಕಮ್ಮಿ, ಆಳ ಜಾಸ್ತಿ. ಬಕಾರದ ಒತ್ತು ಕೆಳಗೆ ಇಳಿಯುತ್ತೆ. ನಮ್ಮ ಬ್ಯಾನರಿನಲ್ಲಿ ಅದು ಕೆಳಗಿನ ಸಾಲಿನ ಕುಣಿಗಲ್‌ನ ಗುಡಿಸಿಗೆ ಹೋಗಿ ಅಂಟಿಕೊಂಡಿತ್ತು. ಹಿರಿಯರಿಗೆ ಊರು ಕಾಣದೇ ಹೋದದ್ದು ಅಲ್ಲಿಯೇ.

ಮೂರನೆಯದು ಕುಣಿಗಲ್. ಇಲ್ಲಿ ‘ಣ’ ಕಷ್ಟ. ಇದಕ್ಕೆ ಸ್ವಲ್ಪ ಗಣಿತ ಬೇಕು. ಒಂದು ಅಕ್ಷರದಲ್ಲಿ ಪಕ್ಕಪಕ್ಕ ನಾಲ್ಕು ನಿಂತ ಗೆರೆ, ನಡುವೆ ಮೂರು ಖಾಲಿ ಜಾಗ ಅಂದುಕೊಳ್ಳಿ. ಅಗಲ 100 ಮಿ.ಮೀ., ಗೆರೆಯ ದಪ್ಪ 13 ಮಿ.ಮೀ. ಆದರೆ ಗೆರೆಗೇ 52 ಹೋಯಿತು, ಒಂದೊಂದು ಖಾಲಿ ಜಾಗಕ್ಕೆ 16 ಉಳಿಯಿತು. ಗೆರೆಯ ದಪ್ಪ ಹಾಗೇ ಇಟ್ಟು ಅಗಲ 70ಕ್ಕೆ ಇಳಿಸಿ: ಖಾಲಿ ಜಾಗ ಬರೀ 6 ಮಿ.ಮೀ. ದೂರದಿಂದ ಅದು ಮುಚ್ಚಿಹೋಗಿ ಅಕ್ಷರ ಕಪ್ಪು ಮುದ್ದೆಯಾಗುತ್ತೆ.

ಹಾಗಾದ್ರೆ ನಾವು ಮಾಡಿದ ಹಾಗೆ ಎಲ್ಲವನ್ನೂ ಒಟ್ಟಿಗೆ ಒತ್ತಿದರೆ? ಆಗ ನಿಂತ ಗೆರೆ 13ರಿಂದ 9.1ಕ್ಕೆ ಇಳಿಯುತ್ತೆ, ಮಲಗಿದ ಗೆರೆ ಮಾತ್ರ 13ರಲ್ಲೇ ಉಳಿಯುತ್ತೆ. ತಲೆಕಟ್ಟು ಭಾರ, ಮೈ ಬಡಕಲು. ದಪ್ಪ ತೆಳುವಿನ ಹದ ತಪ್ಪಿ ಅಕ್ಷರದ ಗುರುತೇ ಕೆಡುತ್ತೆ. ಅಕ್ಷರ ವಿನ್ಯಾಸ ಮಾಡುವವರು ಅದಕ್ಕೇ ಒತ್ತುವುದಿಲ್ಲ, ಹೊಸದಾಗಿ ಬರೆಯುತ್ತಾರೆ. ನಿಂತ ಗೆರೆ ಸುಮಾರು 10 ಮಾಡಿ, ಮಲಗಿದ ಗೆರೆಯನ್ನೂ ಅದಕ್ಕೆ ತಕ್ಕಂತೆ ಇಳಿಸಿದರೆ, ಖಾಲಿ ಜಾಗವೂ 10 ಸಿಗುತ್ತೆ. ದುಂಡನ್ನು ಮೊಟ್ಟೆಯಾಕಾರಕ್ಕೆ ತಿದ್ದಿ, ಒತ್ತನ್ನು ಮೈಗೆ ಹತ್ತಿರ ತರಬೇಕು. ಮಹಾಪ್ರಾಣದ ಸೀಳು ಮುಚ್ಚದ ಹಾಗೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ‘ಧನ ಸಹಾಯ’ ಅಂತ ಹಾಕಿದ್ದು ‘ದನ ಸಹಾಯ’ ಆಗಿಬಿಡುತ್ತೆ!

ಹೀಗೆ ಬರೆದಿಟ್ಟ ಅಕ್ಷರಗಳು ಈಗ ಉಚಿತವಾಗಿಯೇ ಸಿಗುತ್ತವೆ. ಏಕ್ ಟೈಪ್‌ನವರ ‘ಅನೇಕ್ ಕನ್ನಡ’ದಲ್ಲಿ ಅಗಲ ಮತ್ತು ದಪ್ಪ ಎರಡನ್ನೂ ಬೇರೆಬೇರೆಯಾಗಿ ಹೊಂದಿಸಬಹುದು; ಅದರ ಕಿರಿದಾದ ದಪ್ಪ ರೂಪ ಬ್ಯಾನರಿಗೆ ಒಪ್ಪುತ್ತೆ. ದಪ್ಪ ತೆಳುವಿನ ಹಳೇ ಅಚ್ಚಿನ ಗತ್ತೇ ಬೇಕು ಅಂದ್ರೆ ‘ನೋಟೊ ಸೆರಿಫ್ ಕನ್ನಡ’ದ ದಪ್ಪ ರೂಪ ಇದೆ, ಆದರೆ ಜಾಗ ಜಾಸ್ತಿ ಬೇಡುತ್ತೆ. ಎರಡೂ ತಲೆಬರಹ, ಬೋರ್ಡು, ಕರಪತ್ರ, ಪುಸ್ತಕದ ಬೆನ್ನಿಗೆ ಸರಿ. ನೋಟ್ಸಿಗೆ, ಪ್ರಾಜೆಕ್ಟ್ ವರದಿಯ ಒಳಪುಟಕ್ಕೆ ಈ ದಪ್ಪ ರೂಪ ಹಾಕಬೇಡಿ, ಎರಡು ಪುಟಕ್ಕೇ ಕಣ್ಣು ಸೋಲುತ್ತೆ.

ಫ್ಲೆಕ್ಸ್ ಅಂಗಡಿಗೆ ಫೈಲ್ ಕಳಿಸುವ ಮುಂಚೆ ಮೂರು ಕೆಲಸ ಮಾಡಿ. ಬಾಕ್ಸಿನ ಅಂಚು ಹಿಡಿದು ಒತ್ತಬೇಡಿ; ಜಾಗ ಸಾಲದಿದ್ದರೆ ಕಿರಿದಾದ ಫಾಂಟ್ ಹುಡುಕಿ, ಇಲ್ಲವೇ ಮಾತು ಕಮ್ಮಿ ಮಾಡಿ. ಒತ್ತಕ್ಷರ ಇರುವ ಸಾಲಿನ ಕೆಳಗೆ ಜಾಗ ಬಿಡಿ, ಆದರೆ ಅದನ್ನು ಕೊನೇ ಸಾಲಿಗೇ ಹಾಕಿ. ಆಮೇಲೆ ಇಡೀ ವಿನ್ಯಾಸವನ್ನು ಮೊಬೈಲಿನಲ್ಲಿ ಉಗುರಿನಷ್ಟು ಚಿಕ್ಕದು ಮಾಡಿ, ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದ ಗೆಳೆಯರಿಗೆ ತೋರಿಸಿ ಓದಿಸಿ.

ಈ ವರ್ಷದ ಬ್ಯಾನರಿನಲ್ಲಿ ಗುಬ್ಬಿ ಕೊನೇ ಸಾಲಿನಲ್ಲಿ ಬರುತ್ತೆ, ಕೆಳಗೆ ಅರ್ಧ ಅಡಿ ಖಾಲಿ ಬಿಟ್ಟಿದ್ದೀವಿ. ಆ ಹಿರಿಯರನ್ನೂ ಮತ್ತೆ ಕರೆದಿದ್ದೀವಿ. ರಸ್ತೆಯ ಆಚೆಯಿಂದಲೇ ಓದಿ ಹೇಳ್ತೀನಿ ಅಂದಿದ್ದಾರೆ.