ಖಾನಾಪುರದ ನದಿ, ಜಗತ್ತು ಸುತ್ತಿದ ಹಾಯಿದೋಣಿ

ಏಕಸಂಬಿಯ ದೂಧಗಂಗಾ ಕೃಷ್ಣೆಯನ್ನು ಸೇರಿ ಪೂರ್ವಕ್ಕೆ ಹೋಗುತ್ತಾಳೆ. ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರ ಕಾಡಲ್ಲಿ ಹುಟ್ಟುವ ಮಹಾದಾಯಿ ಮಾತ್ರ ಪಶ್ಚಿಮಕ್ಕೆ ತಿರುಗಿ, ಗೋವಾದಲ್ಲಿ ಮಾಂಡೋವಿಯಾಗುತ್ತಾಳೆ.

ಅಲ್ಲಿನ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರ ಆಕ್ವೇರಿಯಸ್ ಫೈಬರ್‌ಗ್ಲಾಸ್ ಸಂಸ್ಥೆ ನೌಕಾಪಡೆಗೆ ಒಂದು ಹಾಯಿದೋಣಿ ಕಟ್ಟಿತು. ಒಳಗೆ ಮರ, ಮೇಲೆ ಫೈಬರ್‌ಗ್ಲಾಸ್. 2009ರಲ್ಲಿ ನೌಕಾಪಡೆ ಸೇರಿದ ಅದಕ್ಕೆ ಇದೇ ನದಿಯ ಹೆಸರು, ಮಾದೇಯಿ! ಬೆಳಗಾವಿಯವರು ಹೆಮ್ಮೆಪಡಲೇಬೇಕು.

ನೌಕಾಪಡೆಯ ಅಧಿಕಾರಿ ದಿಲೀಪ್ ದೊಂದೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿದರು. 2013ರಲ್ಲಿ ಇನ್ನೊಬ್ಬ ಅಧಿಕಾರಿ ಅಭಿಲಾಷ್ ಟಾಮಿ ಅದರಲ್ಲೇ ಎಲ್ಲೂ ನಿಲ್ಲದೆ ಸುತ್ತಿ ಬಂದರು.

ಮುಂದೆ ಸಂಸ್ಥೆ ಆಕ್ವೇರಿಯಸ್ ಶಿಪ್‌ಯಾರ್ಡ್ ಆಯಿತು. ಆ ಹೊಸ ಹೆಸರಲ್ಲಿ ಕಟ್ಟಿದ್ದೇ ನೌಕಾಪಡೆಯ ಇನ್ನೊಂದು ಹಾಯಿದೋಣಿ, ತಾರಿಣಿ. 2017–18ರಲ್ಲಿ ಅದರಲ್ಲಿ ಜಗತ್ತು ಸುತ್ತಿದವರು ಆರು ಮಹಿಳಾ ಅಧಿಕಾರಿಗಳು. ನಾಯಕಿ ವರ್ತಿಕಾ ಜೋಶಿ.