ದೂರಸಂಪರ್ಕದ ಮೂಲಕ ಶ್ವಾಸಕೋಶ ಪುನಶ್ಚೇತನ: ಗ್ರಾಮ ಪಂಚಾಯಿತಿಗಳು ಮಾಡಬಹುದಾದುದು

ನಮ್ಮ ಗ್ರಾಮ ಪಂಚಾಯಿತಿ ಕಚೇರಿಗೆ ಒಂಬತ್ತು ಮೆಟ್ಟಿಲುಗಳಿವೆ. ಕಳೆದ ವರ್ಷ ವೃದ್ಧಾಪ್ಯ ವೇತನದ ವಿಚಾರವಾಗಿ ಬಂದ ಅಜ್ಜಿಯೊಬ್ಬರು ಅವುಗಳನ್ನು ಹತ್ತುವಾಗ ಎರಡು ಬಾರಿ ಕುಳಿತು ಸುಧಾರಿಸಿಕೊಂಡರು. ಪಕ್ಕದಲ್ಲಿ ಇಳಿಜಾರು ದಾರಿ ಇತ್ತು. ಅದರ ಬಾಯಿಗೆ ನಮ್ಮ ಸಿಬ್ಬಂದಿಯ ಬೈಕುಗಳು ನಿಂತಿದ್ದವು. ಆಕೆ ಬೀಡಿ ಮುಟ್ಟಿದವರಲ್ಲ. ನಲವತ್ತು ವರ್ಷ ಸೌದೆ ಒಲೆಯ ಅಡುಗೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಬೆಂಕಿ ಕಾಯುವ ಕೆಲಸ. "ದಮ್ಮು ಬರ್ತದೆ ಸಾರ್, ಅದ್ಕೆ ಓಡಾಡೋದೇ ಬಿಟ್ಟೀನಿ" ಎಂದರು. ಆ ಮಾತಿನ ಉತ್ತರಾರ್ಧವೇ ಈ ಲೇಖನಕ್ಕೆ ಕಾರಣ.

ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆಗಳಲ್ಲಿ ಪ್ರಮುಖವಾದುದು ಸಿಒಪಿಡಿ. ಹೊಗೆ ಮತ್ತು ಧೂಳಿನಿಂದ ಶ್ವಾಸನಾಳಗಳು ಕಿರಿದಾಗಿ, ಒಳಗೆಳೆದ ಗಾಳಿ ಪೂರ್ಣವಾಗಿ ಹೊರಹೋಗದೆ ಉಳಿಯುತ್ತದೆ. ಹಾನಿಗೊಂಡ ಶ್ವಾಸಕೋಶ ಮೊದಲಿನಂತಾಗುವುದಿಲ್ಲ. ಆದರೆ ಏದುಸಿರಿಗೆ ಶ್ವಾಸಕೋಶವೊಂದೇ ಕಾರಣವಲ್ಲ. ಉಸಿರು ಕಟ್ಟುತ್ತದೆಂದು ರೋಗಿಯು ನಡೆಯುವುದನ್ನು ನಿಲ್ಲಿಸುತ್ತಾನೆ. ನಡೆಯದ ಕಾಲುಗಳ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಗೆ ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಕಾಗುತ್ತದೆ. ಹಾಗಾಗಿ ಇನ್ನೂ ಬೇಗ ದಮ್ಮು ಹತ್ತುತ್ತದೆ. ಈ ಸುತ್ತನ್ನು ಸ್ನಾಯುಗಳ ಕಡೆಯಿಂದ ಮುರಿಯುವ ಚಿಕಿತ್ಸೆಯೇ ಶ್ವಾಸಕೋಶ ಪುನಶ್ಚೇತನ. ವಾರಕ್ಕೆ ಎರಡು ಬಾರಿ, ಆರರಿಂದ ಎಂಟು ವಾರಗಳ ಕಾಲ, ಮೇಲ್ವಿಚಾರಣೆಯಲ್ಲಿ ನಡಿಗೆ, ಕೈಕಾಲುಗಳ ಬಲವರ್ಧನೆ, ಉಸಿರಾಟದ ಕ್ರಮ ಮತ್ತು ಇನ್‌ಹೇಲರ್ ಬಳಕೆಯ ತಿಳಿವಳಿಕೆ ಇದರಲ್ಲಿ ಸೇರಿವೆ.

ತಾಲ್ಲೂಕು ಆಸ್ಪತ್ರೆಗೆ ವಾರಕ್ಕೆರಡು ಬಾರಿ ಎಂದರೆ ಎಂಟು ವಾರಗಳಲ್ಲಿ ಹದಿನಾರು ಪ್ರಯಾಣ. ನಡೆಯಲು ಉಸಿರು ಸಾಲದವರನ್ನು ಬಸ್ ನಿಲ್ದಾಣದವರೆಗೆ ನಡೆಸುವುದು, ಜೊತೆಗೆ ಬರುವವರ ಒಂದು ದಿನದ ಕೂಲಿ ಕಳೆಯುವುದು. ದೂರಸಂಪರ್ಕದ ಉಪಯೋಗವಿರುವುದು ಇಲ್ಲಿ. 2021ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು 15 ಅಧ್ಯಯನಗಳ 1,904 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. ಅವರಲ್ಲಿ ಬಹುತೇಕರು ಸಿಒಪಿಡಿ ಇರುವವರು. ದೂರವಾಣಿ ಅಥವಾ ವಿಡಿಯೊ ಕರೆಯ ಮೂಲಕ ಪುನಶ್ಚೇತನ ಪಡೆದವರು ನಡಿಗೆಯ ಸಾಮರ್ಥ್ಯದಲ್ಲಿ ಕೇಂದ್ರಕ್ಕೆ ಹೋಗಿ ಪಡೆದವರಿಗೆ ಹೆಚ್ಚುಕಡಿಮೆ ಸಮನಾಗಿದ್ದರು. ಅಷ್ಟೇ ಮುಖ್ಯವಾದ ಇನ್ನೊಂದು ಅಂಶ: ದೂರಸಂಪರ್ಕದಲ್ಲಿ ಶೇ. 93ರಷ್ಟು ಜನ ಕಾರ್ಯಕ್ರಮ ಪೂರ್ಣಗೊಳಿಸಿದರೆ, ಕೇಂದ್ರಗಳಲ್ಲಿ ಶೇ. 70ರಷ್ಟು. ಈ ಅಂಕಿಗಳು ನಮ್ಮ ಹೋಬಳಿಗಳಿಂದ ಬಂದವಲ್ಲ ಎಂಬುದನ್ನು ಮರೆಯಬಾರದು. ಆದರೂ ಬಸ್ಸಿನ ತೊಂದರೆ ಇರುವಲ್ಲಿ ಈ ವ್ಯತ್ಯಾಸ ಕಡಿಮೆಯಾಗಲು ಕಾರಣ ಕಾಣುವುದಿಲ್ಲ.

ಆದರೆ ಮೊದಲ ಭೇಟಿ ಮುಖಾಮುಖಿಯೇ ಆಗಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕ್ಷಯರೋಗದ ಕಫ ಪರೀಕ್ಷೆ. ಊದಿಸುವ ಪರೀಕ್ಷೆಯಿಂದ, ಅಂದರೆ ಸ್ಪೈರೋಮೆಟ್ರಿಯಿಂದ, ಕಾಯಿಲೆ ಯಾವುದೆಂದು ಖಚಿತವಾಗಬೇಕು. ಇತ್ತೀಚೆಗೆ ಹೃದಯಾಘಾತವಾದವರಿಗೆ, ಎದೆನೋವು ಹತೋಟಿಗೆ ಬಾರದವರಿಗೆ ವೈದ್ಯರ ಒಪ್ಪಿಗೆಯಿಲ್ಲದೆ ವ್ಯಾಯಾಮ ಹೇಳಿಕೊಡುವಂತಿಲ್ಲ. ನಂತರ ಆರು ನಿಮಿಷದ ನಡಿಗೆ ಪರೀಕ್ಷೆ: 30 ಮೀಟರ್ ಸಮತಟ್ಟಾದ ಜಾಗದಲ್ಲಿ ಆರು ನಿಮಿಷ ನಡೆಸಿ, ಕ್ರಮಿಸಿದ ದೂರ ಮತ್ತು ರಕ್ತದ ಆಮ್ಲಜನಕದ ಮಟ್ಟವನ್ನು ಬರೆದುಕೊಳ್ಳುವುದು.

ಆ ದೂರದಿಂದಲೇ ಮನೆಯ ನಡಿಗೆಯ ಲೆಕ್ಕ ಹೊರಡುತ್ತದೆ. ಇಂಜಿನಿಯರಿಂಗ್ ಓದಿದ ನನಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಬ್ಬರು ಆರು ನಿಮಿಷಗಳಲ್ಲಿ 240 ಮೀಟರ್ ನಡೆದರು ಎನ್ನೋಣ. ನಿಮಿಷಕ್ಕೆ 40 ಮೀಟರ್ ಆಯಿತು. ಆರಂಭದ ವೇಗ ಸಾಮಾನ್ಯವಾಗಿ ಅದರ ಶೇ. 80, ಅಂದರೆ ನಿಮಿಷಕ್ಕೆ 32 ಮೀಟರ್. ಹತ್ತು ನಿಮಿಷಕ್ಕೆ 320 ಮೀಟರ್. ಶಾಲೆಯ ಅಂಗಳದಲ್ಲಿ 20 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗೆರೆ ಹಾಕಿದರೆ, ಆ ಕಡೆಯಿಂದ ಈ ಕಡೆಗೆ ಹದಿನಾರು ಬಾರಿ. ಇದಕ್ಕೆ ಯಂತ್ರವೂ ಬೇಡ, ಟೆಂಡರೂ ಬೇಡ. ವಾರದಿಂದ ವಾರಕ್ಕೆ ಅವಧಿಯನ್ನು ಏರಿಸುತ್ತಾ ಅರ್ಧ ಗಂಟೆಯವರೆಗೆ ಒಯ್ಯುವುದು ಗುರಿ.

ಎಷ್ಟು ದಮ್ಮು ಹತ್ತಬೇಕು ಎಂಬುದಕ್ಕೂ ಅಳತೆಯಿದೆ. ಸೊನ್ನೆಯಿಂದ ಹತ್ತರವರೆಗಿನ ಬೋರ್ಗ್ ಮಾಪನದಲ್ಲಿ ಮೂರು–ನಾಲ್ಕರಷ್ಟು ಏದುಸಿರು ಬಂದರೆ ವ್ಯಾಯಾಮ ಫಲಿಸುತ್ತದೆ. ನಮ್ಮ ಹಿರಿಯರಿಗೆ ಹತ್ತರ ಲೆಕ್ಕ ಒಗ್ಗಲಿಲ್ಲ. ಒಬ್ಬರು ತಾವಾಗಿಯೇ "ಆರಾಣೆ ದಮ್ಮು" ಎಂದರು. ಹದಿನಾರಾಣೆಯಲ್ಲಿ ಐದಾರಾಣೆ ಎಂದರೆ ಸರಿಸುಮಾರು ಅಷ್ಟೇ. ಅಂದಿನಿಂದ ನಮ್ಮಲ್ಲಿ ಆಣೆಯ ಲೆಕ್ಕವೇ ನಡೆಯುತ್ತಿದೆ. ಏನೂ ದಮ್ಮು ಹತ್ತದಂತೆ ನಡೆದರೆ ಪ್ರಯೋಜನವಿಲ್ಲ ಎಂಬುದನ್ನು ಒಪ್ಪಿಸುವುದೇ ಕಷ್ಟದ ಕೆಲಸ. ಮನೆಯವರು ಕೂಡಲೇ "ಸಾಕು, ಕೂತ್ಕೋ" ಎನ್ನುತ್ತಾರೆ.

ಉಸಿರಾಟದ ಕ್ರಮ ಕಲಿಸುವುದು ಸುಲಭ. ಮೂಗಿನಿಂದ ಎರಡು ಎಣಿಸುವವರೆಗೆ ಉಸಿರೆಳೆದು, ತುಟಿಗಳನ್ನು ಕಿರಿದಾಗಿಸಿ ನಾಲ್ಕು ಎಣಿಸುವವರೆಗೆ ನಿಧಾನವಾಗಿ ಬಿಡಬೇಕು. ತುಟಿಯ ಆಕಾರ ಊದುಗೊಳವೆ ಹಿಡಿದಾಗಿನಂತೆಯೇ. ಆದರೆ ಬಲವಾಗಿ ಊದಬಾರದು. ಊದುಗೊಳವೆ ಎಂದಾಗ ಅಜ್ಜಿ ನಕ್ಕರು.

ಪಲ್ಸ್ ಆಕ್ಸಿಮೀಟರ್ ಬೇಕು. ಕೋವಿಡ್ ಕಾಲದಲ್ಲಿ ಕೊಂಡವು ಎಷ್ಟೋ ಪಂಚಾಯಿತಿಗಳ ಬೀರುಗಳಲ್ಲಿವೆ; ನಮ್ಮಲ್ಲಿ ಸಿಕ್ಕಿದ ಎರಡರಲ್ಲಿ ಒಂದರ ಒಳಗೆ ಸೆಲ್ ಸೋರಿ ಕೆಟ್ಟಿತ್ತು. ಮೆಹೆಂದಿ, ಉಗುರು ಬಣ್ಣ, ತಣ್ಣಗಿನ ಬೆರಳು ಇದ್ದರೆ ತಪ್ಪು ಅಂಕಿ ತೋರಿಸುತ್ತದೆ. ವೈದ್ಯರು ಬೇರೆ ಮಿತಿ ಹೇಳದಿದ್ದಲ್ಲಿ, ನಡಿಗೆಯ ನಡುವೆ 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ ಕೂರಿಸಬೇಕು. ಎದೆನೋವು, ತಲೆಸುತ್ತು, ತುಟಿ ನೀಲಿಯಾಗುವುದು, ಮಾತು ತಡವರಿಸುವುದು ಕಂಡರೆ 108ಕ್ಕೆ ಕರೆ ಮಾಡಬೇಕು. ವಿಡಿಯೊ ಕರೆಯಲ್ಲಿ ಸಲಹೆ ಕೇಳುತ್ತಾ ಕೂರಬಾರದು.

ಇ–ಸಂಜೀವಿನಿ ವೇದಿಕೆಯ ಮೂಲಕ ಆಯುಷ್ಮಾನ್ ಆರೋಗ್ಯ ಮಂದಿರದಿಂದಲೇ ವೈದ್ಯರ ಸಮಾಲೋಚನೆ ದೊರೆಯುತ್ತದೆ. ಆದರೆ ಅದು ಸಮಾಲೋಚನೆಗೆ ರೂಪಿಸಿದ ವ್ಯವಸ್ಥೆ, ವಾರಕ್ಕೆರಡು ಬಾರಿಯ ವ್ಯಾಯಾಮದ ತರಗತಿಗಲ್ಲ. ತರಗತಿಗೆ ಫಿಸಿಯೋಥೆರಪಿಸ್ಟ್ ಒಪ್ಪಿ ಸಮಯ ಕೊಡಬೇಕು. ಇದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳೊಂದಿಗೆ ಮಾತನಾಡಿಯೇ ಹೊಂದಿಸಬೇಕು. ಜಾಗ ಪಂಚಾಯಿತಿಯ ಕೈಯಲ್ಲಿದೆ: ಅರಿವು ಕೇಂದ್ರದಲ್ಲಿ ಪರದೆ, ಅಂತರ್ಜಾಲ ಎರಡೂ ಇರುವಲ್ಲಿ ನಾಲ್ಕೈದು ಮಂದಿಯನ್ನು ಒಟ್ಟಿಗೆ ಕೂರಿಸಬಹುದು. ವಿದ್ಯುತ್ ಕಡಿತದ ವೇಳೆ ನೋಡಿ ಸಮಯ ಗೊತ್ತುಮಾಡಿ. ಚಿತ್ರ ನಿಂತುಹೋದರೆ ಸಾಧಾರಣ ದೂರವಾಣಿ ಕರೆಯಲ್ಲೇ ಮುಂದುವರಿಸಬಹುದು. ಓದುಗರಿರುವ ವೇಳೆ ಬೇಡ. ಯಾರಿಗೆ ಯಾವ ಕಾಯಿಲೆ ಎಂಬುದು ಊರಿನ ಚರ್ಚೆಯಾಗಬಾರದು. ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸುವ ನಮ್ಮ ಅಭ್ಯಾಸಕ್ಕೆ ಇಲ್ಲಿ ಎಡೆಯಿಲ್ಲ.

ಖರ್ಚಿನ ವಿಚಾರದಲ್ಲಿ ಒಂದು ತೊಡಕಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆ ಸೇರಿಲ್ಲ. ಹತ್ತು ಹೆಜ್ಜೆ ನಡೆಯಲಾಗದವರಿಗೂ ಆ ಬಾಬಿನ ಹಣ ಬಳಸುವಂತಿಲ್ಲ ಎಂಬುದು ನನಗೆ ಸರಿಯೆನಿಸುವುದಿಲ್ಲ. ಸದ್ಯಕ್ಕೆ ಸ್ವಂತ ಸಂಪನ್ಮೂಲದಿಂದ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಿ ಭರಿಸುವುದೇ ದಾರಿ. ಬೇಕಾಗುವುದು ಆಕ್ಸಿಮೀಟರ್, ಕೈಯಿರದ ಗಟ್ಟಿ ಕುರ್ಚಿಗಳು, ಒಂದು ಲೀಟರಿನ ನೀರಿನ ಬಾಟಲಿಗಳು (ಎತ್ತಲು ಒಂದು ಕಿಲೋ ತೂಕ), ಸುಣ್ಣ.

ಯಾರಿಂದ ಆರಂಭಿಸುವುದು? ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ ನಮೂನೆಯಲ್ಲಿ ಅಡುಗೆಯ ಉರುವಲು, ಹೊಗೆ ಹಾಗೂ ಧೂಳಿನ ಕೆಲಸದ ಬಗ್ಗೆ ಪ್ರತ್ಯೇಕ ಭಾಗವೇ ಇದೆ. ಸಮುದಾಯ ಆರೋಗ್ಯ ಅಧಿಕಾರಿಯೊಂದಿಗೆ ಕುಳಿತು ಆ ಭಾಗವನ್ನು ನೋಡಿ. ಬೀಡಿ ಸೇದುವವರಿದ್ದರೆ ತಂಬಾಕು ತ್ಯಜಿಸುವವರ ಸಹಾಯವಾಣಿ 1800–11–2356ರ ಸಂಖ್ಯೆ ಕೊಡಿ, ಕರೆ ಉಚಿತ.

ಅಜ್ಜಿ ಎಂಟು ವಾರಗಳಲ್ಲಿ ಎರಡು ತರಗತಿ ತಪ್ಪಿಸಿದರು, ಅಡಿಕೆ ಸುಲಿಯುವ ಕಾಲವೆಂದು. ಈಗ ನ್ಯಾಯಬೆಲೆ ಅಂಗಡಿಗೆ ಮೊಮ್ಮಗನನ್ನು ಕರೆಯದೆ ಹೋಗಿಬರುತ್ತಾರೆ, ನಡುವೆ ಒಮ್ಮೆ ಅರಳಿಕಟ್ಟೆಯಲ್ಲಿ ಕೂರುತ್ತಾರೆ. ಕಚೇರಿಯ ಇಳಿಜಾರಿನ ಬಾಯಿಗೆ ಬೈಕು ನಿಲ್ಲದಂತೆ ಎರಡು ಕಲ್ಲುಕಂಬ ಹುಗಿಸಿದ್ದೇವೆ.