ಸ್ಟಾರ್ಟರ್ ಸುಡುವುದು ಸಿಡಿಲಿನಿಂದ ಮಾತ್ರವಲ್ಲ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಸುತ್ತಮುತ್ತಲ ನೀರಾವರಿ ಬಹುಮಟ್ಟಿಗೆ ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿದೆ. ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ವಿದ್ಯುತ್ ನಿಗದಿತ ಗಂಟೆಗಳಲ್ಲಿ ಮಾತ್ರ ದೊರೆಯುವುದರಿಂದ, ಕರೆಂಟ್ ಬಂದೊಡನೆ ತಾನಾಗಿ ಮೋಟಾರ್ ಚಾಲೂ ಮಾಡುವ ಆಟೋ ಸ್ಟಾರ್ಟರ್‌ಗಳು ರೈತರಿಗೆ ಅನಿವಾರ್ಯವಾಗಿವೆ. ಇವು ಕೆಟ್ಟರೆ ಆ ದಿನದ ನೀರು ತಪ್ಪುತ್ತದೆ. ಬೇಸಿಗೆಯಲ್ಲಿ ನಾಲ್ಕಾರು ದಿನ ತಪ್ಪಿದರೆ ಬೆಳೆಯೇ ಬಾಡುತ್ತದೆ. ಇಂತಹ ಸಂದರ್ಭದಲ್ಲಿ ಸಿಡಿಲನ್ನೋ ಲೈನಿನ ವೋಲ್ಟೇಜನ್ನೋ ದೂರುವುದು ವಾಡಿಕೆ. ಆದರೆ ಸರ್ಕೀಟನ್ನು ಸುಡುವ ಅತಿವೋಲ್ಟೇಜ್ ಅದರ ಔಟ್‌ಪುಟ್ ಕಡೆಯಿಂದಲೂ ಹಿಂದಿರುಗಿ ಬರಬಹುದು.

ಸುರುಳಿಯ ಹೊಡೆತ

ಆಟೋ ಸ್ಟಾರ್ಟರ್‌ನಲ್ಲಿ ಸಾಮಾನ್ಯವಾಗಿ ಸಣ್ಣ ಟ್ರಾನ್ಸಿಸ್ಟರ್ ಒಂದು 12 ವೋಲ್ಟ್ ರಿಲೇಯನ್ನೂ, ಆ ರಿಲೇ ಕಾಂಟ್ಯಾಕ್ಟರ್‌ನ ಸುರುಳಿಯನ್ನೂ ಚಾಲನೆ ಮಾಡುತ್ತವೆ. ಸುರುಳಿಯಲ್ಲಿ ಕರೆಂಟ್ ಹರಿಯುವಾಗ ಕಾಂತಕ್ಷೇತ್ರದ ರೂಪದಲ್ಲಿ ಶಕ್ತಿ ಶೇಖರವಾಗಿರುತ್ತದೆ. ಕರೆಂಟನ್ನು ಥಟ್ಟನೆ ತಡೆದರೆ ಆ ಶಕ್ತಿ ಹೊರದಾರಿ ಹುಡುಕುತ್ತ ನೂರಾರು ವೋಲ್ಟ್‌ಗಳ ಒತ್ತಡವನ್ನು ಉಂಟುಮಾಡುತ್ತದೆ. 1832ರಲ್ಲಿ ಜೋಸೆಫ್ ಹೆನ್ರಿ ವಿವರಿಸಿದ ಸ್ವಪ್ರೇರಣೆ ಇದೇ. ರಿಲೇಯಲ್ಲಿ ಹರಿಯುವುದು 30 ಮಿಲಿ ಆಂಪಿಯರ್‌ನಷ್ಟು ಅಲ್ಪ ಕರೆಂಟಾದರೂ, ಬಿಸಿ547ರಂತಹ ಟ್ರಾನ್ಸಿಸ್ಟರ್ ತಾಳಬಲ್ಲುದು 45 ವೋಲ್ಟ್ ಮಾತ್ರ.

ಪರಿಹಾರ ಕೆಲವೇ ರೂಪಾಯಿಗಳದು. ಡಿಸಿ ರಿಲೇಯ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡನ್ನು, ಅದರ ಪಟ್ಟಿಯಿರುವ ತುದಿ ಧನ ತಂತಿಗೆ ಬರುವಂತೆ ಜೋಡಿಸಿದರೆ, ಶೇಖರವಾದ ಶಕ್ತಿ ಸುರುಳಿಯಲ್ಲೇ ಸುತ್ತಿ ಕರಗುತ್ತದೆ. ತಿರುಗುಮುರುಗಾದರೆ ಡಯೋಡೇ ಶಾರ್ಟ್ ಆಗುತ್ತದೆ. ಎಸಿಯಲ್ಲಿ ನಡೆಯುವ ಕಾಂಟ್ಯಾಕ್ಟರ್ ಸುರುಳಿಗೆ ಡಯೋಡ್ ಸಲ್ಲದು. ಅಲ್ಲಿ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಸರಣಿ ಜೋಡಣೆಯನ್ನು, ಇಲ್ಲವೇ ಎಂಓವಿ ಎಂಬ ವೇರಿಸ್ಟರನ್ನು ಬಳಸಬೇಕು. 415 ವೋಲ್ಟ್ ಸುರುಳಿಗೆ 230 ವೋಲ್ಟ್ ಲೈನಿನ ಎಂಓವಿ ಹಾಕಿದರೆ ಅದೇ ಸಿಡಿಯುತ್ತದೆ. 510 ವೋಲ್ಟ್ ಎಸಿ ದರ್ಜೆಯದು ಬೇಕು.

ಸೌರ ಪಂಪಿಗೆ ಬೇರೆ ಕ್ರಮ

ಪಾವಗಡದ ತಿರುಮಣಿ ಬಳಿ 2019ರಲ್ಲಿ ಪೂರ್ಣಗೊಂಡ 2,050 ಮೆಗಾವ್ಯಾಟ್ ಸೌರ ಪಾರ್ಕ್‌ನಲ್ಲಿರುವಂತೆ, ಎಸಿ ಮೋಟಾರಿನ ಸೌರ ಪಂಪ್‌ಗಳಲ್ಲಿಯೂ ಡಿಸಿಯನ್ನು ಎಸಿಯಾಗಿಸುವ ಇನ್ವರ್ಟರ್ ಇರುತ್ತದೆ. ಪಂಪಿನ ಇನ್ವರ್ಟರ್ ಅತಿವೇಗದ ವಿದ್ಯುತ್ ಸ್ಪಂದನಗಳನ್ನು ಕಳುಹಿಸುತ್ತದೆ. ಆಳದ ಕೊಳವೆಬಾವಿಗೆ ಇಳಿದ ಉದ್ದನೆಯ ಕೇಬಲ್‌ನ ತುದಿಯಲ್ಲಿ ಅವು ಪ್ರತಿಫಲಿಸಿ ದುಪ್ಪಟ್ಟಾಗಬಹುದು. ಒಳಗಿನ ಡಿಸಿ 560 ವೋಲ್ಟ್ ಇದ್ದರೆ ಮೋಟಾರ್ ಬಳಿ 1,100 ವೋಲ್ಟ್ ಸಮೀಪಿಸಬಹುದು. ವೈಂಡಿಂಗ್‌ನ ನಿರೋಧಕ ಲೇಪ ಕ್ರಮೇಣ ಶಿಥಿಲವಾಗುತ್ತದೆ. ಇಲ್ಲಿ ಕೆಪಾಸಿಟರನ್ನೋ ಎಂಓವಿಯನ್ನೋ ಔಟ್‌ಪುಟ್‌ಗೆ ಜೋಡಿಸಿದರೆ ಇನ್ವರ್ಟರೇ ಕೆಡುತ್ತದೆ. ಇನ್ವರ್ಟರ್ ಔಟ್‌ಪುಟ್‌ಗೆಂದೇ ತಯಾರಾದ ಫಿಲ್ಟರ್ ಅಥವಾ ಚೋಕ್ ಹಾಕುವುದೇ ಸರಿ.

ಸಿಡಿಲಿನ ಅಪಾಯ ಇದರಿಂದ ಇಲ್ಲವಾಗದು. ಲೈನ್ ಬರುವ ಕಡೆ ಸರ್ಜ್ ಅರೆಸ್ಟರ್, ಅದಕ್ಕೆ ಗಟ್ಟಿಯಾದ ಅರ್ಥಿಂಗ್ ಎರಡೂ ಬೇಕು. ಅರ್ಥಿಂಗ್ ಗುಂಡಿ ಒಣಗಿದ್ದರೆ ಅರೆಸ್ಟರ್ ಇದ್ದೂ ಇಲ್ಲದಂತೆ. ಎಂಓವಿ ಪ್ರತಿ ಹೊಡೆತಕ್ಕೂ ಸವೆಯುವುದರಿಂದ ಅದನ್ನು ಫ್ಯೂಸಿನ ನಂತರವೇ ಜೋಡಿಸಿ, ಕಪ್ಪಾದಾಗ ಬದಲಿಸಬೇಕು. ಈ ಕೆಲಸಗಳನ್ನು ಮೇನ್ ಸ್ವಿಚ್ ತೆಗೆದು, ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸುವುದು ಕ್ಷೇಮ. ಸುಟ್ಟ ಬೋರ್ಡನ್ನು ರಿಪೇರಿಗೆ ಕೊಡುವಾಗ ಡಯೋಡ್ ಇದೆಯೇ ಎಂದು ಕೇಳಿ ತಿಳಿದರೆ, ಅದೇ ಬೋರ್ಡ್ ಮತ್ತೆ ಅದೇ ಕಾರಣಕ್ಕೆ ಸುಡುವುದನ್ನು ತಪ್ಪಿಸಬಹುದು.